ಕಾಂತತರಂಗಗಳ ಆದ್ಯ ದ್ರಷ್ಟಾರ ಫೆಲಿಕ್ಸ್ ಬ್ಲಾಖ್

ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಓದಿ, ಅವುಗಳನ್ನೇ ಮಕ್ಕಳಿಗೆ ಓದಿಸುತ್ತ ಮೂರು ದಶಕಗಳನ್ನು ಕಳೆದ ಕನ್ನಡ ಪಂಡಿತನೊಬ್ಬನು ಪಾಶ್ಚಾತ್ಯ ಭೌತವಿಜ್ಞಾನಿಯೊಬ್ಬರ ಚರಿತ್ರೆಯನ್ನು ಬರೆಯಲು ಹೊರಟಿರುವುದನ್ನು ಕಂಡು ಈ ಸಂಚಿಕೆಯ ವಾಚಕ ಮಹಾಶಯರು ಹುಬ್ಬೇರಿಸಿದರೆ ಅದು ಅವರ ತಪ್ಪಲ್ಲ. ಇದಕ್ಕೊಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಬಿಡದೆ ಕಾಡುತ್ತಿದ್ದ ತಲೆನೋವಿನ ಮೂಲವನ್ನು ಅರಿಯುವುದಕ್ಕಾಗಿ ವೈದ್ಯರು ನನ್ನನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿದರು. ಗವಿಯಂತಹ ಕೊಳವೆ, ಕಿವಿಗಡಚಿಕ್ಕುವ ಬಡಿತ, ಅಲುಗಾಡಬಾರದೆಂಬ ಕಟ್ಟಪ್ಪಣೆ. ಹೊರಬಂದ ಮೇಲೆ ನನ್ನ ಮಿದುಳಿನ ಚಿತ್ರವನ್ನು ನಾನೇ ನೋಡಿದೆ. ಗಾಬರಿಪಡುವಂಥದ್ದು ಏನೂ ಇಲ್ಲವೆಂದು ವೈದ್ಯರು ಹೇಳಿದರು. ಕನ್ನಡಕವನ್ನು ಬದಲಾಯಿಸಿದೊಡನೆ ತಲೆನೋವೂ ಮಾಯವಾಯಿತು.

ನೋವು ಹೋಯಿತಾದರೂ ಆ ಚಿತ್ರ ಮನಸ್ಸಿನಿಂದ ಹೋಗಲಿಲ್ಲ. ಬಾಲ್ಯದಲ್ಲಿ ಕಂಠಪಾಠ ಮಾಡಿದ ಅಮರಕೋಶವೂ, ಗುರುಗಳಿಂದ ತಿಂದ ಏಟಿನ ನೆನಪೂ ಅಡಗಿರುವ ಆ ಬೂದುಬಣ್ಣದ ಮುದ್ದೆಯನ್ನು ಶಸ್ತ್ರ ತಾಗಿಸದೆ, ಕ್ಷಕಿರಣ ಸೋಕಿಸದೆ ಕಣ್ಣಮುಂದೆ ತಂದಿಟ್ಟ ವಿದ್ಯೆ ಯಾರದು? ನಮ್ಮ ಶಾಲೆಯ ವಿಜ್ಞಾನದ ಅಧ್ಯಾಪಕ ಮಿತ್ರರನ್ನು ಕೇಳಿದೆ. ಅವರು ಹೇಳಿದ ಹೆಸರುಗಳಲ್ಲಿ ಮೊದಲನೆಯದು ಫೆಲಿಕ್ಸ್ ಬ್ಲಾಖ್ ಅವರದು. ಪುಸ್ತಕಗಳನ್ನು ತಂದುಕೊಟ್ಟು, ತಿಳಿಯದುದನ್ನು ಸಾವಧಾನವಾಗಿ ತಿಳಿಸಿದರು. ಆಗ ಇನ್ನೊಂದು ವಿಷಯವೂ ತಿಳಿದುಬಂದಿತು. ಇದೇ ಮಹನೀಯರು ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಯಸ್ಕಾಂತದೊಳಗೆ ಹರಿಯುವ ಒಂದು ವಿಲಕ್ಷಣ ಅಲೆಯನ್ನು ಕೇವಲ ಗಣಿತದ ಬಲದಿಂದ ಕಂಡಿದ್ದರು. ಇಂದು ಹಲವು ದೇಶಗಳ ವಿಜ್ಞಾನಿಗಳು ಆ ಅಲೆಯಿಂದಲೇ ಮಿದುಳಿನ ರೀತಿಯಲ್ಲಿ ಕೆಲಸಮಾಡುವ ಗಣಕಯಂತ್ರವನ್ನು ಕಟ್ಟಲು ಹೆಣಗುತ್ತಿದ್ದಾರೆ. ಮಿದುಳನ್ನು ನೋಡುವ ಕಣ್ಣಿಗೂ, ಮಿದುಳನ್ನು ಅನುಕರಿಸುವ ಸಾಧನಕ್ಕೂ ಒಬ್ಬರೇ ಮನುಷ್ಯರ ಆಲೋಚನೆ ಬೀಜವಾಯಿತೆಂಬ ಸಂಗತಿ ನನ್ನನ್ನು ಬಹಳ ದಿನ ಬೆರಗಿನಲ್ಲಿರಿಸಿತು. ಆ ಬೆರಗೇ ಈ ಬರಹಕ್ಕೆ ಪ್ರೇರಣೆ.

ಫೆಲಿಕ್ಸ್ ಬ್ಲಾಖ್ ಅವರು 1905ನೆಯ ಇಸವಿ ಅಕ್ಟೋಬರ್ 23ರಂದು ಸ್ವಿಟ್ಜರ್‌ಲೆಂಡಿನ ಜೂರಿಕ್ ನಗರದಲ್ಲಿ ಯೆಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ಗುಸ್ತಾವ್ ದವಸಧಾನ್ಯಗಳ ಸಗಟು ವ್ಯಾಪಾರಿ, ತಾಯಿ ಆಗ್ನೆಸ್. ಬಾಲ್ಯದಲ್ಲಿಯೇ ಪ್ರೀತಿಯ ಅಕ್ಕನನ್ನು ಕಳೆದುಕೊಂಡ ದುಃಖ ಬಾಲಕನನ್ನು ಅಂತರ್ಮುಖಿಯನ್ನಾಗಿ ಮಾಡಿತು. ಪಿಯಾನೋ ವಾದನವೂ ಪರ್ವತಾರೋಹಣವೂ ಅವರಿಗೆ ಚಿಕ್ಕಂದಿನಿಂದ ಹಿಡಿದ ಗೀಳುಗಳು, ಕಡೆಯವರೆಗೂ ಬಿಡಲಿಲ್ಲ. 1924ರಲ್ಲಿ ಜೂರಿಕ್ಕಿನ ಪ್ರಸಿದ್ಧ ತಾಂತ್ರಿಕ ವಿದ್ಯಾಪೀಠವನ್ನು ಸೇರಿದರು. ಎಂಜಿನಿಯರ್ ಆಗಬೇಕೆಂಬುದು ಮೊದಲಿನ ಸಂಕಲ್ಪ. ಒಂದು ವರ್ಷ ಕಳೆಯುವಷ್ಟರಲ್ಲಿ ಮನಸ್ಸು ಭೌತವಿಜ್ಞಾನದತ್ತ ಹೊರಳಿತು. ಅನ್ನ ಹುಟ್ಟದ ವಿದ್ಯೆಯೆಂದು ಆ ಕಾಲದ ಲೋಕ ಎಣಿಸಿದ್ದ ಮಾರ್ಗವದು. ಸಂಸ್ಕೃತ ಪಾಠಶಾಲೆಯ ಮೆಟ್ಟಿಲೇರಿದವರಿಗೆ ಈ ಮಾತಿನ ಭಾರವನ್ನು ವಿವರಿಸಬೇಕಾಗಿಲ್ಲ.

ಆದರೆ ಅವರು ಆರಿಸಿಕೊಂಡ ಗಳಿಗೆ ಮಹಾಗಳಿಗೆಯಾಗಿದ್ದಿತು. ಜೂರಿಕ್ಕಿನಲ್ಲಿ ಆಗ ಪೀಟರ್ ಡಿಬೈ, ಎರ್ವಿನ್ ಶ್ರೋಡಿಂಗರ್ ಮೊದಲಾದ ದಿಗ್ಗಜರು ಒಂದೆಡೆ ಸೇರಿ ವಿಚಾರಗೋಷ್ಠಿ ನಡೆಸುತ್ತಿದ್ದರು. ಒಂದು ದಿನ ಶ್ರೋಡಿಂಗರ್ ಅವರು ದ್ರವ್ಯವೂ ಅಲೆಯ ಸ್ವಭಾವವುಳ್ಳದ್ದೆಂಬ ಫ್ರಾನ್ಸಿನ ಹೊಸ ಸಿದ್ಧಾಂತವನ್ನು ವಿವರಿಸಿದಾಗ, ಅಲೆಯ ಮಾತನ್ನಾಡುವವರು ಅಲೆಗೊಂದು ಸಮೀಕರಣವನ್ನೂ ಕೊಡಬೇಡವೇ ಎಂದು ಡಿಬೈ ಆಕ್ಷೇಪಿಸಿದರು. ಕೆಲವೇ ವಾರಗಳಲ್ಲಿ ಶ್ರೋಡಿಂಗರ್ ಆ ಸಮೀಕರಣದೊಡನೆ ಮತ್ತೆ ಅದೇ ಗೋಷ್ಠಿಗೆ ಬಂದರು. ಇಪ್ಪತ್ತರ ಹರೆಯದ ವಿದ್ಯಾರ್ಥಿ ಬ್ಲಾಖ್ ಇದಕ್ಕೆ ಪ್ರತ್ಯಕ್ಷಸಾಕ್ಷಿ; ಅರ್ಧ ಶತಮಾನದ ನಂತರ, 1976ರಲ್ಲಿ, ಅವರೇ ಈ ಪ್ರಸಂಗವನ್ನು ಬರೆದಿಟ್ಟಿದ್ದಾರೆ. ಅಲೆಯೆಂಬ ಪದಾರ್ಥ ಅಂದು ಅವರ ಬುದ್ಧಿಯನ್ನು ಹಿಡಿಯಿತು, ಮತ್ತೆ ಬಿಡಲಿಲ್ಲ.

1927ರಲ್ಲಿ ಶ್ರೋಡಿಂಗರ್ ಬರ್ಲಿನ್ನಿಗೂ ಡಿಬೈ ಲೈಪ್‌ಜಿಗ್ ನಗರಕ್ಕೂ ತೆರಳಿದರು. ಡಿಬೈ ಅವರ ಸಲಹೆಯಂತೆ ಬ್ಲಾಖ್ ಕೂಡ ಲೈಪ್‌ಜಿಗ್ಗಿಗೆ ಹೋಗಿ, ಅಲ್ಲಿ ಆಗತಾನೆ ಪ್ರಾಧ್ಯಾಪಕರಾಗಿದ್ದ ವರ್ನರ್ ಹೈಸನ್‌ಬರ್ಗ್ ಅವರ ಶಿಷ್ಯರಾದರು. ಗುರುವಿಗೆ ಇಪ್ಪತ್ತಾರು ವರ್ಷ, ಶಿಷ್ಯನಿಗೆ ಇಪ್ಪತ್ತೆರಡು. ಹೈಸನ್‌ಬರ್ಗ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದವರಲ್ಲಿ ಬ್ಲಾಖ್ ಅವರೇ ಮೊದಲಿಗರು.

ಆ 1928ರ ಪ್ರಬಂಧದ ವಿಷಯ ಸರಳವಾದೊಂದು ಪ್ರಶ್ನೆಯಿಂದ ಹುಟ್ಟಿದ್ದು. ತಾಮ್ರದ ತಂತಿಯಲ್ಲಿ ಪರಮಾಣುಗಳು ಒಂದರ ಮಗ್ಗುಲಲ್ಲಿ ಒಂದು ಒತ್ತೊತ್ತಾಗಿ ಕುಳಿತಿರುವಾಗ ಎಲೆಕ್ಟ್ರಾನು ಅವುಗಳ ನಡುವೆ ತಡೆಯಿಲ್ಲದೆ ಸಾಗುವುದಾದರೂ ಹೇಗೆ? ಜಾತ್ರೆಯ ಜನಜಂಗುಳಿಯಲ್ಲಿ ಒಬ್ಬನು ಓಡುತ್ತ ಹೋಗಿ ಯಾರನ್ನೂ ತಾಗದಿರಲು ಸಾಧ್ಯವೇ? ಎಲೆಕ್ಟ್ರಾನನ್ನು ಕಣವೆಂದು ಬಗೆಯದೆ ಅಲೆಯೆಂದು ಬಗೆದರೆ ತೊಡಕು ಬಿಡುತ್ತದೆಂದು ಬ್ಲಾಖ್ ತೋರಿಸಿದರು. ಪರಮಾಣುಗಳ ಸಾಲು ಕ್ರಮಬದ್ಧವಾಗಿದ್ದರೆ ಅಲೆ ಆ ಕ್ರಮಕ್ಕೆ ಹೊಂದಿಕೊಂಡು ಸಾಗುತ್ತದೆ. ಸಾಲು ಕೆಟ್ಟಲ್ಲಿ, ಪರಮಾಣುಗಳು ಉಷ್ಣದಿಂದ ಕಂಪಿಸುವಲ್ಲಿ ಮಾತ್ರ ಅದಕ್ಕೆ ತಡೆ. ಅರೆವಾಹಕಗಳ ವಿಜ್ಞಾನ ನಿಂತಿರುವುದು ಈ ತಳಹದಿಯ ಮೇಲೆ. ಇದೊಂದನ್ನೇ ಮಾಡಿ ಸುಮ್ಮನಾಗಿದ್ದರೂ ಅವರ ಹೆಸರು ಉಳಿಯುತ್ತಿದ್ದಿತು.

ಅನಂತರದ ಮೂರು ವರ್ಷಗಳು ಶಿಷ್ಯವೃತ್ತಿಯ ಸಂಚಾರದಲ್ಲಿ ಕಳೆದವು. ಜೂರಿಕ್ಕಿನಲ್ಲಿ ಪೌಲಿ ಅವರ ಸಹಾಯಕರಾಗಿ, ಹಾಲೆಂಡಿನಲ್ಲಿ ಕ್ರಾಮರ್ಸ್ ಅವರ ಬಳಿ, ಮತ್ತೆ ಲೈಪ್‌ಜಿಗ್ಗಿನಲ್ಲಿ, ಆಮೇಲೆ ಕೋಪನ್‌ಹೇಗನ್ನಿನಲ್ಲಿ ನೀಲ್ಸ್ ಬೋರ್ ಅವರ ಸನ್ನಿಧಿಯಲ್ಲಿ. ಈ ಸಂಚಾರದ ನಡುವೆ, 1930ರಲ್ಲಿ, ಜರ್ಮನಿಯ ಭೌತವಿಜ್ಞಾನ ಪತ್ರಿಕೆಯಲ್ಲಿ ಅಯಸ್ಕಾಂತತ್ವವನ್ನು ಕುರಿತ ಅವರ ಲೇಖನವು ಪ್ರಕಟವಾಯಿತು. ನಮ್ಮ ಪ್ರಕೃತ ವಿಷಯಕ್ಕೆ ಮೂಲ ಇದೇ ಆದುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಎಲೆಕ್ಟ್ರಾನಿಗೆ ವಿದ್ಯುದಂಶವಿರುವಂತೆಯೇ ಗಿರಕಿಯ ಗುಣವೊಂದಿದೆ. ಅದನ್ನು ಸ್ಪಿನ್ ಎನ್ನುತ್ತಾರೆ. ಇದರಿಂದಾಗಿ ಪ್ರತಿಯೊಂದು ಎಲೆಕ್ಟ್ರಾನೂ ಅತಿ ಸೂಕ್ಷ್ಮವಾದ ಅಯಸ್ಕಾಂತ. ಕಬ್ಬಿಣದಲ್ಲಿ ನೆರೆಹೊರೆಯ ಸ್ಪಿನ್ನುಗಳು ಒಂದೇ ದಿಕ್ಕಿಗೆ ಮುಖಮಾಡಲು ಬಯಸುತ್ತವೆ. ಹೀಗೇಕೆಂಬುದನ್ನು 1928ರಲ್ಲಿ ಹೈಸನ್‌ಬರ್ಗ್ ವಿವರಿಸಿದ್ದರು. ಪರಮ ಶೂನ್ಯ ತಾಪದಲ್ಲಿ ಎಲ್ಲ ಸ್ಪಿನ್ನುಗಳೂ ಕವಾಯತಿಗೆ ನಿಂತ ಮಕ್ಕಳಂತೆ ಏಕಮುಖವಾಗಿರುತ್ತವೆ. ಶಿಷ್ಯರು ಗುರುವನ್ನು ಮೀರಿ ಕೇಳಿದ ಪ್ರಶ್ನೆ ಇದು: ಸ್ವಲ್ಪವೇ ಬಿಸಿ ತಗುಲಿದಾಗ ಆ ಶಿಸ್ತು ಹೇಗೆ ಕೆಡುತ್ತದೆ? ಒಬ್ಬ ಹುಡುಗ ಹಿಂದಿರುಗಿ ನಿಂತುಬಿಡುತ್ತಾನೆಯೇ?

ಹಾಗಾಗುವುದಿಲ್ಲವೆಂದು ಬ್ಲಾಖ್ ಅವರ ಗಣಿತ ಹೇಳಿತು. ಒಂದೇ ಸ್ಪಿನ್ ನೆರೆಯವರೆಲ್ಲರ ಇಚ್ಛೆಗೆ ವಿರುದ್ಧವಾಗಿ ಪೂರ್ತಿ ತಿರುಗಿ ನಿಲ್ಲಲು ಬಹಳ ಶಕ್ತಿ ಬೇಕು. ಆ ತಿರುವು ಒಂದೆಡೆ ನಿಲ್ಲದೆ ಎಲ್ಲರಲ್ಲಿಯೂ ಹಂಚಿಹೋಗುತ್ತದೆ. ಪ್ರತಿಯೊಂದು ಸ್ಪಿನ್ನೂ ವಾಲಿದ ಬುಗುರಿಯಂತೆ ಕೊಂಚವೇ ಓರೆಯಾಗಿ ಸುತ್ತುತ್ತದೆ; ಮಗ್ಗುಲಿನದು ಅದಕ್ಕಿಂತ ಕೂದಲೆಳೆಯಷ್ಟು ಹಿಂದುಳಿದು ಸುತ್ತುತ್ತದೆ; ಅದರ ಮಗ್ಗುಲಿನದು ಮತ್ತಷ್ಟು ಹಿಂದೆ. ನಮ್ಮ ಎರೆಹೊಲದ ಬಿಳಿಜೋಳದ ಮೇಲೆ ಹಿಂಗಾರಿನಲ್ಲಿ ಗಾಳಿ ಹಾಯ್ದಾಗ ಯಾವ ದಂಟೂ ತನ್ನ ಬುಡವನ್ನು ಬಿಟ್ಟು ಕದಲುವುದಿಲ್ಲ. ಆದರೂ ಹೊಲದ ಈ ಬದುವಿನಿಂದ ಆ ಬದುವಿಗೆ ಒಂದು ಅಲೆ ಓಡುವುದನ್ನು ಕಾಣುತ್ತೇವೆ. ಅಯಸ್ಕಾಂತದೊಳಗಿನ ಈ ಅಲೆಯೇ ಸ್ಪಿನ್ ತರಂಗ. ಬೆಳಕಿನ ಕಣಕ್ಕೆ ಫೋಟಾನ್ ಎಂಬ ಹೆಸರಿರುವಂತೆ ಈ ತರಂಗದ ಕಣಕ್ಕೆ ಮ್ಯಾಗ್ನಾನ್ ಎಂಬ ಹೆಸರು ಆಮೇಲೆ ಬಂದಿತು.

ಕಾಣದ ಅಲೆಯನ್ನು ಕಲ್ಪಿಸುವುದು ಕವಿಗೂ ಸಾಧ್ಯ. ಬ್ಲಾಖ್ ಅಷ್ಟಕ್ಕೆ ನಿಲ್ಲದೆ ಅಳೆದು ನೋಡಬಹುದಾದ ನಿಯಮವನ್ನೂ ಕೊಟ್ಟರು. ಪರಮ ಶೂನ್ಯದಿಂದ ಎಣಿಸಿದ ತಾಪವು ನಾಲ್ಕು ಪಟ್ಟಾದರೆ ಅಯಸ್ಕಾಂತವು ಕಳೆದುಕೊಳ್ಳುವ ಕಾಂತತ್ವವು ಎಂಟು ಪಟ್ಟಾಗುತ್ತದೆಂಬುದು ಆ ನಿಯಮದ ತಾತ್ಪರ್ಯ; ತಾಪದ ಒಂದೂವರೆಯ ಘಾತವೆಂದು ಗಣಿತಜ್ಞರು ಹೇಳುತ್ತಾರೆ. ತಗ್ಗಿದ ತಾಪಗಳಲ್ಲಿ ಈ ನಿಯಮ ಸರಿಯೆಂದು ಪ್ರಯೋಗಗಳು ಎತ್ತಿಹಿಡಿದವು. 1932ರಲ್ಲಿ ಅಯಸ್ಕಾಂತದೊಳಗೆ ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ ಪ್ರದೇಶಗಳ ನಡುವಿನ ಗಡಿಯನ್ನೂ ಅವರು ಲೆಕ್ಕಹಾಕಿದರು. ಅದಕ್ಕೆ ಬ್ಲಾಖ್ ಗೋಡೆಯೆಂದೇ ಹೆಸರು. ಲೈಪ್‌ಜಿಗ್ಗಿನಲ್ಲಿ ಉಪನ್ಯಾಸಕರಾದರು. ವಯಸ್ಸು ಇಪ್ಪತ್ತೇಳು. ಆ ದೇಶದಲ್ಲಿ ವಿದ್ವಾಂಸನಿಗೆ ದೊರೆಯಬಹುದಾದ ಸುಖಗಳೆಲ್ಲವೂ ಮುಂದೆ ಕಾದಿದ್ದಂತೆ ತೋರಿತು.

1933ರ ಜನವರಿ 30ರಂದು ಹಿಟ್ಲರನು ಅಧಿಕಾರಕ್ಕೆ ಬಂದನು. ಏಪ್ರಿಲ್ ತಿಂಗಳಲ್ಲಿ ಯೆಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ತೆಗೆದುಹಾಕುವ ಕಾನೂನು ಬಂದಿತು. ಬ್ಲಾಖ್ ಅವರು ತಡಮಾಡದೆ ಜರ್ಮನಿಯನ್ನು ತೊರೆದರು. ಗುರು, ಗೆಳೆಯರು, ಗ್ರಂಥಾಲಯ, ತನ್ನ ಶಾಸ್ತ್ರವನ್ನು ಬರೆದ ನುಡಿ, ಇವೆಲ್ಲವನ್ನೂ ಒಮ್ಮೆಗೇ ಬಿಟ್ಟು ನಡೆಯುವುದು ಎಂತಹದೆಂಬುದನ್ನು ನಾವು ಊಹಿಸಬಹುದು. ಪ್ಯಾರಿಸ್ಸಿನಲ್ಲಿ ಕೆಲಕಾಲ ಉಪನ್ಯಾಸ ಮಾಡಿ, ರಾಕ್‌ಫೆಲರ್ ವಿದ್ಯಾರ್ಥಿವೇತನದ ಆಧಾರದಿಂದ ರೋಮ್ ನಗರದಲ್ಲಿ ಎನ್ರಿಕೋ ಫರ್ಮಿ ಅವರೊಡನೆ ಇದ್ದು, 1934ರಲ್ಲಿ ಅಮೆರಿಕದ ಪಶ್ಚಿಮ ತೀರದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು. ಇಂದು ಜಗತ್ತಿಗೆಲ್ಲ ಗೊತ್ತಿರುವ ಆ ವಿಶ್ವವಿದ್ಯಾಲಯದ ಭೌತವಿಜ್ಞಾನ ವಿಭಾಗವು ಆಗ ಚಿಕ್ಕದು. ಸಮೀಪದ ಬರ್ಕ್ಲಿಯಲ್ಲಿದ್ದ ಓಪನ್‌ಹೈಮರ್ ಅವರೊಡನೆ ಕೂಡಿ ವಿಚಾರಗೋಷ್ಠಿಗಳನ್ನು ನಡೆಸಿದ್ದು ಆ ಏಕಾಂತಕ್ಕೆ ಒಂದಿಷ್ಟು ಪರಿಹಾರವಾಯಿತು.

ಹೊಸ ನಾಡು ಅವರಲ್ಲಿ ಹೊಸ ಮನುಷ್ಯನನ್ನೇ ಎಬ್ಬಿಸಿತು. ಅಲ್ಲಿಯವರೆಗೆ ಕಾಗದ, ಪೆನ್ಸಿಲುಗಳೇ ಸಲಕರಣೆಯಾಗಿದ್ದ ವಿದ್ವಾಂಸರು ಪ್ರಯೋಗಶಾಲೆಗೆ ಇಳಿದರು. ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ, ಆದರೂ ಅದೊಂದು ಪುಟ್ಟ ಅಯಸ್ಕಾಂತವಾಗಿರುವುದರಿಂದ ಕಾಂತ ವಸ್ತುವನ್ನು ಹಾಯುವಾಗ ಅಲ್ಲಿನ ಪರಮಾಣುಗಳ ಕಾಂತತ್ವದಿಂದ ಚದುರಬೇಕೆಂದು 1936ರಲ್ಲಿ ಅವರು ತೋರಿಸಿದರು. 1939ರಲ್ಲಿ ಬರ್ಕ್ಲಿಯ ಸೈಕ್ಲೋಟ್ರಾನ್ ಯಂತ್ರದ ಬಳಿ ಲೂಯಿ ಆಲ್ವರೆಜ್ ಅವರೊಡನೆ ಕೂಡಿ ನ್ಯೂಟ್ರಾನಿನ ಕಾಂತಬಲವನ್ನು ಅಳೆದರು. ಅದೇ ವರ್ಷ ಅಮೆರಿಕದ ಪೌರತ್ವ ದೊರೆಯಿತು. ಮರುವರ್ಷ, ಜರ್ಮನಿಯಿಂದ ಅವರಂತೆಯೇ ಬಂದು ನೆಲಸಿದ್ದ ಭೌತವಿಜ್ಞಾನಿ ಲೋರ್ ಮಿಶ್ ಅವರನ್ನು ವಿವಾಹವಾದರು. ಮೂವರು ಗಂಡುಮಕ್ಕಳು, ಒಬ್ಬ ಮಗಳು.

ಯುದ್ಧಕಾಲದಲ್ಲಿ ಪರಮಾಣು ಬಾಂಬಿನ ಯೋಜನೆಗೆಂದು ಲಾಸ್ ಅಲಮಾಸ್‌ಗೆ ಕರೆಯಲ್ಪಟ್ಟರು. ಅಲ್ಲಿ ಬಹುಕಾಲ ನಿಲ್ಲಲಿಲ್ಲ. ಹಾರ್ವರ್ಡಿಗೆ ಹೋಗಿ ಶತ್ರುಗಳ ರೇಡಾರನ್ನು ವಂಚಿಸುವ ಉಪಾಯಗಳಲ್ಲಿ ತೊಡಗಿದರು. ರೇಡಿಯೋ ತಂತ್ರದ ಒಳಹೊರಗುಗಳನ್ನು ಅಲ್ಲಿ ಕಲಿತುದು ಮುಂದೆ ಅನಿರೀಕ್ಷಿತವಾದ ಫಲವನ್ನು ಕೊಟ್ಟಿತು.

1946ರ ಆರಂಭದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬ್ಲಾಖ್, ವಿಲಿಯಂ ಹ್ಯಾನ್ಸನ್ ಮತ್ತು ಮಾರ್ಟಿನ್ ಪ್ಯಾಕರ್ಡ್ ಈ ಮೂವರು ಸೇರಿ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಸ್ವಲ್ಪ ನೀರನ್ನಿಟ್ಟರು. ನೀರಿನ ಹೈಡ್ರೋಜನ್ ಬೀಜಕೇಂದ್ರಗಳೂ ಪುಟ್ಟ ಬುಗುರಿಗಳೇ. ತಕ್ಕ ರೇಡಿಯೋ ಅಲೆಯಿಂದ ಅವುಗಳನ್ನು ಓರೆಮಾಡಿದರೆ ಅವೆಲ್ಲವೂ ಒಟ್ಟಾಗಿ ಸುತ್ತುತ್ತ, ಸುತ್ತಲಿನ ತಂತಿಯ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ತನ್ನು ಹುಟ್ಟಿಸಬೇಕು. ಹುಟ್ಟಿಸಿದವು. ನೀರು ತನ್ನ ಒಡಲಿನ ಸುದ್ದಿಯನ್ನು ತಾನೇ ಹೇಳಿತು! ಕೆಲವೇ ವಾರಗಳ ಹಿಂದೆ, 1945ರ ಡಿಸೆಂಬರಿನಲ್ಲಿ, ಹಾರ್ವರ್ಡಿನ ಎಡ್ವರ್ಡ್ ಪರ್ಸೆಲ್ ಮತ್ತು ಸಂಗಡಿಗರು ಮೇಣದಲ್ಲಿ ಇದೇ ಸತ್ಯವನ್ನು ಬೇರೊಂದು ಮಾರ್ಗದಿಂದ ಕಂಡಿದ್ದರು. ಒಬ್ಬರ ಕೆಲಸ ಮತ್ತೊಬ್ಬರಿಗೆ ತಿಳಿದಿರಲಿಲ್ಲ. 1952ರಲ್ಲಿ ನೊಬೆಲ್ ಪಾರಿತೋಷಕವನ್ನು ಬ್ಲಾಖ್, ಪರ್ಸೆಲ್ ಇಬ್ಬರೂ ಹಂಚಿಕೊಂಡರು. ಸ್ಟ್ಯಾನ್‌ಫರ್ಡಿಗೆ ಅದು ಮೊದಲನೆಯ ನೊಬೆಲ್. ಬುಗುರಿಗಳು ಎಷ್ಟು ಬೇಗ ಮತ್ತೆ ನೆಟ್ಟಗಾಗುತ್ತವೆ, ಎಷ್ಟು ಬೇಗ ತಮ್ಮೊಳಗಿನ ತಾಳವನ್ನು ಕಳೆದುಕೊಳ್ಳುತ್ತವೆ ಎಂಬುದನ್ನು ಹೇಳುವ ಬ್ಲಾಖ್ ಸಮೀಕರಣಗಳೂ 1946ರವು. ನನ್ನ ತಲೆಯ ಚಿತ್ರದಲ್ಲಿ ಒಂದೆಡೆ ಕಪ್ಪು, ಒಂದೆಡೆ ಬಿಳುಪು ಮೂಡಿದ್ದಕ್ಕೆ ಈ ಕಾಲಭೇದಗಳೇ ಮುಖ್ಯ ಕಾರಣವೆಂದು ನಮ್ಮ ಅಧ್ಯಾಪಕರು ವಿವರಿಸಿದರು. ಈ ವಿದ್ಯೆಯಿಂದ ಚಿತ್ರ ತೆಗೆಯುವ ಬಗೆಯನ್ನು 1973ರಲ್ಲಿ ಪಾಲ್ ಲಾಟರ್‌ಬರ್ ತೋರಿಸಿದರು.

ಇಲ್ಲಿ ನಮ್ಮ ನಾಡಿಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ಹೇಳದೆ ಮುಂದುವರಿಯಲಾರೆ. ಸ್ಟ್ಯಾನ್‌ಫರ್ಡಿನ ಪ್ರಯೋಗಶಾಲೆಯಿಂದ 1951ರಲ್ಲಿ ಹೊರಬಂದ ಪ್ರಸಿದ್ಧ ಲೇಖನವೊಂದರ ಮೂವರು ಕರ್ತೃಗಳಲ್ಲಿ ಎಸ್. ಎಸ್. ಧರ್ಮಟ್ಟಿ ಅವರು ಒಬ್ಬರು. ನಮ್ಮ ಕಡೆಯವರ ಕಿವಿಗೆ ಈ ಹೆಸರು ಅಪರಿಚಿತವಲ್ಲ. ಮದ್ಯಸಾರದ ಒಂದು ಅಣುವಿನೊಳಗೆ ಮೂರು ಬೇರೆ ಬೇರೆ ನೆಲೆಗಳಲ್ಲಿರುವ ಹೈಡ್ರೋಜನ್‌ಗಳು ಮೂರು ಬೇರೆ ಬೇರೆ ಸಂಕೇತಗಳನ್ನು ಕೊಡುತ್ತವೆಂದು ಆ ಲೇಖನ ತೋರಿಸಿತು. ಅಣುಗಳ ರಚನೆಯನ್ನು ಓದಲು ರಸಾಯನಶಾಸ್ತ್ರಜ್ಞರಿಗೆ ದೊರೆತ ವರ್ಣಮಾಲೆ ಅದೇ. ಧರ್ಮಟ್ಟಿ ಅವರು ಹಿಂದಿರುಗಿ ಬಂದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ನೆಲೆಗೊಳಿಸಿದರು. ಅದೇ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಈ ಅನುರಣನವನ್ನು ಅಳೆದರು. ದೇಹದಲ್ಲಿ ರಕ್ತದ ಹರಿವನ್ನು ಇದೇ ತತ್ತ್ವದಿಂದ ಅಳೆಯುವ ವಿಧಾನಗಳ ಚರಿತ್ರೆಯಲ್ಲಿ ಆ ಪ್ರಯೋಗಕ್ಕೆ ಮೊದಲ ಪಂಕ್ತಿಯ ಸ್ಥಾನವಿದೆ. ಇವರಿಬ್ಬರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಕಾಣಿಸುವಂತಾಗಬೇಕೆಂದು ನನಗೆ ತೋರುತ್ತದೆ.

1954ರಲ್ಲಿ ಯೂರೋಪಿನ ರಾಷ್ಟ್ರಗಳು ಕೂಡಿ ಜಿನೀವಾದಲ್ಲಿ ಸ್ಥಾಪಿಸಿದ ಸೆರ್ನ್ ಸಂಶೋಧನ ಕೇಂದ್ರಕ್ಕೆ ಬ್ಲಾಖ್ ಅವರು ಮೊದಲ ಮಹಾನಿರ್ದೇಶಕರಾದರು. ಇಪ್ಪತ್ತು ವರ್ಷಗಳ ಹಿಂದೆ ತಲೆತಪ್ಪಿಸಿಕೊಂಡು ಬಿಟ್ಟುಬಂದ ಖಂಡವೇ ಅವರನ್ನು ಗೌರವದಿಂದ ಕರೆದಿತ್ತು. ಹೋಗುವಾಗ ತಮ್ಮ ಪ್ರಯೋಗದ ಉಪಕರಣಗಳನ್ನೂ ಸಂಗಡಿಗರನ್ನೂ ಜೊತೆಗೆ ಕರೆದೊಯ್ದರು. ಆದರೆ ಕಡತಗಳ ಕೆಲಸ ಅವರಿಗೆ ಒಗ್ಗಲಿಲ್ಲ. ಒಂದೇ ವರ್ಷದಲ್ಲಿ, 1955ರಲ್ಲಿ, ಆ ಪೀಠವನ್ನು ಬಿಟ್ಟು ಪಾಠಕ್ಕೂ ಪ್ರಯೋಗಶಾಲೆಗೂ ಮರಳಿದರು. ಅಧಿಕಾರವನ್ನು ಬಿಡಲಾರದೆ ಪಾಠವನ್ನು ಬಿಟ್ಟ ಎಷ್ಟೋ ಜನರನ್ನು ಕಂಡಿರುವ ನನಗೆ ಅವರ ಚರಿತ್ರೆಯಲ್ಲಿ ಈ ಸಣ್ಣ ಅಧ್ಯಾಯವೇ ಹೆಚ್ಚು ಪ್ರಿಯ. 1971ರಲ್ಲಿ ನಿವೃತ್ತರಾದರು. ಅನಂತರ ಸಂಖ್ಯಾಶಾಸ್ತ್ರೀಯ ಬಲವಿಜ್ಞಾನವನ್ನು ಕುರಿತು ಬರೆಯುತ್ತಿದ್ದ ಗ್ರಂಥ ಅವರ ಕಾಲಾನಂತರವೇ ಬೆಳಕು ಕಂಡಿತು. 1983ನೆಯ ಇಸವಿ ಸೆಪ್ಟೆಂಬರ್ 10ರಂದು, ಹುಟ್ಟಿದ ಊರಾದ ಜೂರಿಕ್ಕಿನಲ್ಲಿಯೇ ದೇಹಬಿಟ್ಟರು.

ಇನ್ನು ಅವರ ಅಲೆಯ ಕಥೆ. 1930ರಲ್ಲಿ ಕಾಗದದ ಮೇಲೆ ಹುಟ್ಟಿದ ಸ್ಪಿನ್ ತರಂಗವನ್ನು ನೇರವಾಗಿ ಅಳೆಯಲು ಸುಮಾರು ಕಾಲು ಶತಮಾನ ಕಾಯಬೇಕಾಯಿತು. 1957ರ ಸುಮಾರಿನಲ್ಲಿ ಕೆನಡಾದ ಬರ್ಟ್ರಾಂ ಬ್ರಾಕ್‌ಹೌಸ್ ಅವರು ಕಾಂತಶಿಲೆಯ ಮೇಲೆ ನ್ಯೂಟ್ರಾನ್‌ಗಳನ್ನು ಹಾಯಿಸಿ, ಅವು ಚದುರಿದ ಬಗೆಯಿಂದ ಆ ತರಂಗಗಳನ್ನು ಗುರುತಿಸಿದರು. ನ್ಯೂಟ್ರಾನುಗಳು ಹಾಗೆ ಚದುರುತ್ತವೆಂದು 1936ರಲ್ಲಿ ಹೇಳಿದವರು ಬ್ಲಾಖ್ ಅವರೇ ಎಂಬುದನ್ನು ವಾಚಕರು ಮರೆತಿರಲಾರರು. ಅದೇ ಸಮಯಕ್ಕೆ ಇಟ್ರಿಯಮ್ ಮತ್ತು ಕಬ್ಬಿಣದ ಆಕ್ಸೈಡುಗಳು ಕೂಡಿದ ಗಾರ್ನೆಟ್ ಎಂಬ ಕೃತಕ ಹರಳು ತಯಾರಾಯಿತು. ವಿದ್ಯುತ್ತನ್ನು ಹರಿಯಗೊಡದ, ಆದರೆ ಸ್ಪಿನ್ ತರಂಗವನ್ನು ಬಹುದೂರ ಕ್ಷಯಿಸಗೊಡದೆ ಒಯ್ಯುವ ವಿಚಿತ್ರ ವಸ್ತು ಅದು.

ಮಿದುಳಿನ ಮಾತು ಹುಟ್ಟುವುದು ಇಲ್ಲಿ. ನಮ್ಮ ತಲೆಯಲ್ಲಿ ಸುಮಾರು 8600 ಕೋಟಿ ನರಕೋಶಗಳಿವೆ. ಇಷ್ಟಾಗಿಯೂ ಮಿದುಳು ವ್ಯಯಮಾಡುವ ಶಕ್ತಿ ಸುಮಾರು 20 ವಾಟ್ ಮಾತ್ರ. ಮಂಕಾದ ಒಂದು ವಿದ್ಯುದ್ದೀಪದಷ್ಟು. ಗಣಕಯಂತ್ರದಲ್ಲಿ ಲೆಕ್ಕಮಾಡುವ ಅಂಗ ಒಂದು ಕಡೆ, ನೆನಪಿಡುವ ಅಂಗ ಇನ್ನೊಂದು ಕಡೆ. ಇವೆರಡರ ನಡುವೆ ಅಂಕಿಗಳನ್ನು ಹೊತ್ತು ಓಡಾಡುವುದರಲ್ಲಿಯೇ ಶಕ್ತಿಯ ದೊಡ್ಡ ಪಾಲು ಬಿಸಿಯಾಗಿ ಸೋರಿಹೋಗುತ್ತದೆ. ಉಗ್ರಾಣ ಒಂದು ಊರಿನಲ್ಲಿ, ಅಡುಗೆಮನೆ ಇನ್ನೊಂದು ಊರಿನಲ್ಲಿದ್ದರೆ ದಾಸೋಹ ನಡೆದೀತೇ? ಮಿದುಳಿನಲ್ಲಿ ಉಗ್ರಾಣವೇ ಅಡುಗೆಮನೆ. ನರಕೋಶಗಳ ನಡುವಿನ ಬೆಸುಗೆಯ ಬಲಾಬಲಗಳಲ್ಲಿಯೇ ನೆನಪಿದೆ; ಸಂಕೇತಗಳು ಆ ಬೆಸುಗೆಗಳನ್ನು ದಾಟುವುದೇ ಲೆಕ್ಕ.

ಸ್ಪಿನ್ ತರಂಗವು ಸಾಗುವಾಗ ಯಾವ ಎಲೆಕ್ಟ್ರಾನೂ ತನ್ನ ಸ್ಥಾನ ಬಿಟ್ಟು ಹೋಗುವುದಿಲ್ಲ. ಗಾರ್ನೆಟ್ಟಿನಂತಹ ವಸ್ತುವಿನಲ್ಲಿ ತಂತಿ ಬಿಸಿಯಾಗುವಂತೆ ಬಿಸಿಯಾಗುವ ಪ್ರಶ್ನೆಯೂ ಇಲ್ಲ. ಅನೇಕ ಅಲೆಗಳು ಒಂದೆಡೆ ಸೇರಿದಾಗ ಕೂಡುವುದೋ ಕಳೆಯುವುದೋ ತಾನಾಗಿ ನಡೆದುಹೋಗುತ್ತದೆ. ನರಕೋಶವು ತನಗೆ ಬಂದ ಸಂಕೇತಗಳನ್ನು ತೂಗಿ ಕೂಡಿಸುವುದೂ ಇಂತಹದೇ. ಅಲೆ ಸಣ್ಣದಿರುವಾಗ ಒಂದು ಬಗೆ. ಮಿತಿಯನ್ನು ಮೀರಿ ದೊಡ್ಡದಾದಾಗ ಅಲೆಗಳು ಒಂದನ್ನೊಂದು ತಿದ್ದತೊಡಗುತ್ತವೆ, ಒಡೆದು ಬೇರೆ ಅಲೆಗಳಾಗುತ್ತವೆ. ನರಕೋಶವೂ ಒಂದು ಮಿತಿಯವರೆಗೆ ಸುಮ್ಮನಿದ್ದು, ಮೀರಿದೊಡನೆ ಸಿಡಿಯುತ್ತದಲ್ಲವೇ? ಕೆರೆಗೆ ಒಂದಾದಮೇಲೊಂದು ಕಲ್ಲೆಸೆದರೆ ಎರಡನೆಯ ಕಲ್ಲಿನ ಅಲೆಯಲ್ಲಿ ಮೊದಲಿನ ಕಲ್ಲಿನ ನೆನಪು ಬೆರೆತಿರುತ್ತದೆ. ಹಾಗೆಯೇ ಅಯಸ್ಕಾಂತದೊಳಗೂ ಈಗ ಬಂದ ಸಂಕೇತದೊಡನೆ ಹಿಂದೆ ಬಂದ ಸಂಕೇತದ ಕಂಪನ ಕ್ಷಣಕಾಲ ಉಳಿದಿರುತ್ತದೆ. ಕೇಳಿದ ಪದಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಕೊನೆಯ ಕ್ರಿಯಾಪದ ಬಂದಾಗ ಅನ್ವಯ ಮಾಡಿಕೊಳ್ಳುವ ನಮ್ಮ ಶ್ಲೋಕಪಾಠದ ಪದ್ಧತಿ ಇದಕ್ಕಿಂತ ಬೇರೆಯಲ್ಲವೆಂದು ಹೇಳಿದಾಗ ವಿಜ್ಞಾನದ ಅಧ್ಯಾಪಕರು ನಕ್ಕರು. ತಪ್ಪೆಂದು ಮಾತ್ರ ಹೇಳಲಿಲ್ಲ.

ಮಾತು ಇಷ್ಟಕ್ಕೇ ನಿಂತಿಲ್ಲ. 2014ರಲ್ಲಿ ಜರ್ಮನಿಯ ಕೈಸರ್ಸ್‌ಲಾಟರ್ನ್ ನಗರದ ವಿಜ್ಞಾನಿಗಳು ಮ್ಯಾಗ್ನಾನ್‌ಗಳ ಪ್ರವಾಹವನ್ನು ಬೇರೆ ಮ್ಯಾಗ್ನಾನ್‌ಗಳಿಂದಲೇ ತಡೆಯುವ ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿದರು. 2021ರಲ್ಲಿ ಪಾಪ್, ಪೋರೋಡ್ ಮತ್ತು ಚಾಬಾ ಎಂಬ ಮೂವರು, ಕಾಂತೀಯ ತೆಳುಪದರದ ಮೇಲೆ ಅಲ್ಲಲ್ಲಿ ಕಾಂತಕ್ಷೇತ್ರದ ಗುರುತುಗಳನ್ನು ಮೂಡಿಸಿದರೆ ಅದರೊಳಗೆ ಹಾಯುವ ತರಂಗಗಳ ಬೆರಕೆಯೇ ನರಜಾಲದ ಕೆಲಸ ಮಾಡುತ್ತದೆಂದು ಗಣಕಯಂತ್ರದ ಲೆಕ್ಕಾಚಾರದಿಂದ ತೋರಿಸಿದರು. 2023ರಲ್ಲಿ ಡ್ರೆಸ್ಡನ್ ನಗರದ ಸಂಶೋಧಕರು ಕಣ್ಣಿಗೆ ಕಾಣದಷ್ಟು ಚಿಕ್ಕ ಕಾಂತೀಯ ಬಿಲ್ಲೆಯೊಳಗೆ ಮ್ಯಾಗ್ನಾನ್‌ಗಳು ಒಡೆದು ಚದುರುವ ಬಗೆಯಿಂದಲೇ ಸಂಕೇತಗಳ ವಿನ್ಯಾಸಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಡ್ರೆಸ್ಡನ್ನಿನಿಂದ ಬ್ಲಾಖ್ ಅವರ ಲೈಪ್‌ಜಿಗ್ ಬಹಳ ದೂರವಿಲ್ಲ. ಎರಡೂ ಸ್ಯಾಕ್ಸನಿ ಪ್ರಾಂತದ ಊರುಗಳೇ. ಇವುಗಳ ದಾಯಾದಿಯೆನ್ನಬಹುದಾದ ಸ್ಪಿನ್ ಆಂದೋಲಕಗಳೆಂಬ ಸಾಧನಗಳಿವೆ. ಅಂತಹ ನಾಲ್ಕನ್ನು ಒಂದಕ್ಕೊಂದು ಹೊಂದಿಸಿ ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಮನುಷ್ಯರು ಉಚ್ಚರಿಸಿದ ಸ್ವರಾಕ್ಷರಗಳನ್ನು ಗುರುತಿಸುವಂತೆ ಪಳಗಿಸಿದರು. ಯಂತ್ರವೂ ಅಕ್ಷರಾಭ್ಯಾಸವನ್ನು ಸ್ವರಗಳಿಂದಲೇ ಆರಂಭಿಸಿತೆಂದು ಓದಿದಾಗ ಕನ್ನಡ ಪಂಡಿತನಿಗೆ ಆದ ಸಂತೋಷವನ್ನು ವಾಚಕರು ಮನ್ನಿಸಬೇಕು.

ಇದೆಲ್ಲ ಇನ್ನೂ ಪ್ರಯೋಗಶಾಲೆಯ ಮಾತು. ಅಲೆಯನ್ನು ಹುಟ್ಟಿಸುವ ಆಂಟೆನಾ, ಅದನ್ನು ಮತ್ತೆ ವಿದ್ಯುತ್ ಸಂಕೇತವಾಗಿ ಓದುವ ಆಂಟೆನಾ, ಇವೆರಡೂ ನುಂಗುವ ಶಕ್ತಿಯನ್ನು ಲೆಕ್ಕಕ್ಕೆ ಹಿಡಿದರೆ ನಡುವೆ ಉಳಿತಾಯವಾದದ್ದು ಕೊಚ್ಚಿಹೋಗುವ ಅಪಾಯವಿದೆ. ಉತ್ತಮ ಗಾರ್ನೆಟ್ ಪದರವನ್ನು ಸಾಮಾನ್ಯ ಸಿಲಿಕಾನ್ ಬಿಲ್ಲೆಗಳ ಮೇಲೆ ಬೆಳೆಸುವುದು ಸುಲಭವಲ್ಲ. ಮಿದುಳಿನಂತಹ ಯಂತ್ರವೆಂಬ ಮಾತನ್ನು ಕೂಡ ಎಚ್ಚರದಿಂದ ಆಡಬೇಕು. ಕೆಲವು ಸ್ವರಗಳನ್ನು ಗುರುತಿಸುವುದಕ್ಕೂ ಒಂದು ಪದ್ಯದ ಅರ್ಥವನ್ನು ಗ್ರಹಿಸುವುದಕ್ಕೂ ನಡುವಿನ ಅಂತರವನ್ನು ತರಗತಿಯಲ್ಲಿ ನಿಂತವರು ಬಲ್ಲರು. ಆದರೂ ಎಲೆಕ್ಟ್ರಾನಿನ ಗಿರಕಿಯಿಂದ ಲೆಕ್ಕದ ಯಂತ್ರ ಹುಟ್ಟೀತೆಂದು 1930ರಲ್ಲಿ ಯಾರಾದರೂ ಹೇಳಿದ್ದರೆ, ಆ ಲೇಖನವನ್ನು ಬರೆದ ತರುಣನೂ ಬಹುಶಃ ನಂಬುತ್ತಿರಲಿಲ್ಲ.

ಈ ವರ್ಷ ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಹಳೆಯ ವಿದ್ಯಾರ್ಥಿಗಳು ಕೊಟ್ಟ ದೇಣಿಗೆಯಿಂದ ಕೊಂಡ ವಸ್ತುಗಳಲ್ಲಿ ಎರಡು ಡಜನ್ ಪುಟ್ಟ ದಿಕ್ಸೂಚಿಗಳಿವೆ. ವಿಜ್ಞಾನದ ಅಧ್ಯಾಪಕರು ಅವುಗಳನ್ನು ಮೇಜಿನ ಮೇಲೆ ಒತ್ತೊತ್ತಾಗಿ ಸಾಲಾಗಿಟ್ಟು, ತುದಿಯ ಮುಳ್ಳನ್ನು ಒಂದು ಅಯಸ್ಕಾಂತದ ಚೂರಿನಿಂದ ಮೆಲ್ಲಗೆ ಕದಲಿಸಿದರು. ಮಗ್ಗುಲಿನ ಮುಳ್ಳು ನಡುಗಿತು, ಅದರ ಮಗ್ಗುಲಿನದೂ ನಡುಗಿತು, ನಡುಕ ಸಾಲಿನುದ್ದಕ್ಕೂ ಓಡಿ ಆ ತುದಿಯನ್ನು ಮುಟ್ಟಿತು. ಪರಮಾಣುಗಳ ನಡುವೆ ಕೆಲಸ ಮಾಡುವ ಬಲ ಇದಲ್ಲ, ಅದು ಬೇರೆಯೇ ಬಗೆಯದೆಂದು ಅವರು ಮಕ್ಕಳಿಗೆ ಎಚ್ಚರಿಕೆ ಕೊಟ್ಟರು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಎರಡು ತುದಿಗಳಿಂದಲೂ ಒಮ್ಮೆಗೇ ಕದಲಿಸಿದರೆ ನಡುವಿನ ಮುಳ್ಳು ಏನು ಮಾಡುತ್ತದೆಂದು ಕೇಳಿದಳು. ಅಧ್ಯಾಪಕರು ಉತ್ತರ ಹೇಳದೆ ಇನ್ನೊಂದು ಅಯಸ್ಕಾಂತದ ಚೂರನ್ನು ಅವಳ ಕೈಗೆ ಕೊಟ್ಟರು.